ವಾಸನೆಯಿಲ್ಲದ ಪಟ್ಟಿ

ಗಾಯದಿಂದ ಬಿಚ್ಚಿದ ಪಟ್ಟಿಯನ್ನು ಒಮ್ಮೆ ಮೂಸದೆ ಆಕೆ ಡಬ್ಬಿಗೆ ಎಸೆದವಳೇ ಅಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಆಕೆ ಮೂಗಿನ ಸಿಸ್ಟರ್. ಹಸಿರು ಕೀವು ಕಾಣುವ ಮೊದಲೇ, ಕಳಿತ ದ್ರಾಕ್ಷಿಯಂಥ ಸಿಹಿ ವಾಸನೆ ಹಿಡಿದು, "ಇಲ್ಲಿ ಕ್ರಿಮಿಗಳು ಠಿಕಾಣಿ ಹೂಡಿದಾವೆ ನೋಡಿ" ಎನ್ನುತ್ತಿದ್ದಳು. ಆ ಮೂಗು ಎಂದೂ ಕೈಕೊಟ್ಟಿರಲಿಲ್ಲ.

ಈ ಸಲ ಮಂಚದ ಮೇಲಿದ್ದವನು ಸ್ವಂತ ತಮ್ಮ. ಬಾಯ್ಲರ್ ಸಿಡಿದು ಒಂದು ಕಾಲು ಮಂಡಿಯಿಂದ ಕೆಳಗೆ ಬೆಂದಿತ್ತು. ಗಾಯಕ್ಕೆ ಸೇರಿಕೊಂಡ ಬ್ಯಾಕ್ಟೀರಿಯಾ ಯಾವ ಔಷಧಿಗೂ ಜಗ್ಗಲಿಲ್ಲ. ಇನ್ನು ಕಾಲು ತೆಗೆಯುವುದೇ ಸೈ ಎನ್ನುವ ಹೊತ್ತಿಗೆ ಡಾಕ್ಟರಮ್ಮ ಹೊಸ ಮುಲಾಮು ತಂದರು.

"ಇದು ಅವನ್ನ ಕೊಲ್ಲಲ್ಲ ಸಿಸ್ಟರ್. ಅವು ರಾಸಾಯನಿಕ ಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸ್ತವೆ. ಸಾಕಷ್ಟು ಸೇರಿದೀವಿ ಅಂತ ಗೊತ್ತಾದ ಮೇಲೇ ವಿಷ ಕಾರೋದು. ಈ ಮುಲಾಮು ಆ ಸುದ್ದಿ ತಡೆಯುತ್ತೆ. ಅಷ್ಟರಲ್ಲಿ ಮೈಯೇ ಅವನ್ನ ಮುಗಿಸ್ಬೇಕು. ನಾನು ಹೇಳೋವರೆಗೂ ಒಂದು ಹೊತ್ತೂ ತಪ್ಪಿಸ್ಬೇಡಿ."

"ಅಂದ್ರೆ ಬಾಯಿಗೆ ಬೀಗ," ಎಂದು ಆಕೆ ನಕ್ಕಳು.

ಜ್ವರ ಇಳಿಯಿತು, ಕೀವು ಬತ್ತಿತು. ಆದರೆ ಮುಲಾಮು ತಾಗಿದರೆ ಸಾಕು, ತಮ್ಮ ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿಯುತ್ತಿದ್ದ.

"ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಬಿಡೇ."

"ಬೀಳೋಕೆ ಮೊದ್ಲು ಎದ್ದು ನಿಲ್ಲೋ. ಸುಮ್ನಿರು."

"ಮೂಸಿ ನೋಡು. ವಾಸನೆ ಇದ್ರೆ ಹಚ್ಚು, ತುಟಿ ಬಿಚ್ಚಲ್ಲ."

ಆಕೆ ಮೂಸಿದಳು. ಹೊಸ ಹತ್ತಿಯ ವಾಸನೆ, ಅಷ್ಟೇ. ಮತ್ತೊಮ್ಮೆ ಮೂಸಿದಳು. ಇದ್ದಿದ್ದರೆ ನನಗೆ ತಿಳಿಯದೇ? ಮುಲಾಮು ಹಚ್ಚದೆ ಬರೀ ಪಟ್ಟಿ ಸುತ್ತಿದಳು. ಮರುದಿನವೂ ಹಾಗೇ ಮಾಡಿದಳು. ತಮ್ಮ ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದ.

ಅದರ ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ಮೆಟ್ಟಿಲ ಬಳಿ ಸಿಕ್ಕರು.

"ಸಿಸ್ಟರ್, ಗಾಯ ಚೆನ್ನಾಗಿ ಕಾಣ್ತಿದೆ ಅಂತ ಮುಲಾಮು ಬಿಟ್ಟೀರಾ ಮತ್ತೆ! ಲ್ಯಾಬಿಂದ ರಿಪೋರ್ಟ್ ಬಂದಿದೆ. ಅವು ಇನ್ನೂ ರಾಶಿರಾಶಿ ಇದಾವೆ."

"ವಾಸನೆ ಇರ್ಲಿಲ್ವಲ್ಲ ಮೇಡಂ?"

"ಆ ವಾಸನೆ, ಆ ಹಸಿರು, ಎಲ್ಲಾ ಸುದ್ದಿ ಮುಟ್ಟಿದ ಮೇಲೇ ಬರೋದು. ಬೀಗ ಹಾಕಿರೋವಾಗ ಎಲ್ಲಿಂದ ಬರುತ್ತೆ?"

ಆಕೆ ಓಡಿದಳು. ವಾರ್ಡಿನ ತಿರುವಿನಲ್ಲೇ ಅದು ಎದುರಾಯಿತು, ಕಳಿತ ದ್ರಾಕ್ಷಿ. ಪಕ್ಕದಲ್ಲಿ ಹಾದುಹೋದವರು ಯಾರೂ ಮೂಗು ಕೂಡ ಅರಳಿಸಲಿಲ್ಲ.

ಬಾಗಿಲಲ್ಲಿ ಕೂತಿದ್ದ ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಕಣೇ. ಎಷ್ಟು ಕರೆದ್ರೂ ಎದ್ದಿಲ್ಲ, ಪಾಪ, ಹಾಯಾಗಿ ಮಲಗಿದಾನೆ."

ಕಾಲಿನ ಮೇಲಿನ ಬಿಳಿಯ ಹೊದಿಕೆ ಹಸಿರಾಗಿ ನೆನೆದಿತ್ತು.