ಎಡಗಡೆ ಇನ್ನೂ ಸ್ವಲ್ಪ

ನಗುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಉಪದೇಶ ಮಾಡುವವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಎಡಗೆನ್ನೆಗೆ ಮರಗಟ್ಟಿಸುವ ಮದ್ದು ಚುಚ್ಚಿ, ಈಗ ನಗಿ ನೋಡೋಣ ಎನ್ನಬೇಕು. ನನಗೆ ಆದದ್ದು ಹೆಚ್ಚುಕಡಿಮೆ ಅದೇ. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ತುಟಿಯ ಎಡತುದಿಯಿಂದ ಸೋರಿ ಬಟ್ಟೆಯೆಲ್ಲ ಒದ್ದೆಯಾಯಿತು. ಕನ್ನಡಿ ನೋಡಿದೆ. ಬಲಗಡೆ ನಾನಿದ್ದೆ, ಎಡಗಡೆ ಯಾರೋ ಜೋತುಬಿದ್ದ ಮೋರೆಯವಳಿದ್ದಳು. ಮುಖದ ನರ ಊದಿಕೊಂಡಿದೆ, ಬಹಳ ಜನಕ್ಕೆ ಸರಿಹೋಗುತ್ತದೆ, ಕೆಲವು ತಿಂಗಳು ಹಿಡಿಯಬಹುದು ಎಂದರು ಡಾಕ್ಟರು.

ಕೆಲವು ತಿಂಗಳು ಕಾಯುವ ಪುರುಸೊತ್ತು ನನಗಿರಲಿಲ್ಲ. ನಾನಿರುವುದು ಕನ್ನಡಕದ ಅಂಗಡಿಯಲ್ಲಿ, ಕೌಂಟರಿನಲ್ಲಿ. ಬಂದವರ ಮುಖಕ್ಕೆ ಮುಖ ಕೊಟ್ಟು ನಿಂತು, ಫ್ರೇಮ್ ಮೂಗಿನ ಮೇಲೆ ಸರಿಯಾಗಿ ಕೂತಿದೆಯೇ, ಕಡ್ಡಿ ಕಿವಿಯ ಹಿಂದೆ ಒತ್ತುತ್ತಿದೆಯೇ ಎಂದು ನೋಡಿ, ಬಿಸಿ ಗಾಳಿಗೆ ಹಿಡಿದು ಬಗ್ಗಿಸಿ ಕೊಡುವುದು ನನ್ನ ಕೆಲಸ. ಮದುವೆಗೂ ಮುಂಚಿನಿಂದ ಅದನ್ನೇ ಮಾಡುತ್ತಿದ್ದೇನೆ. ಅಂಗಡಿಯ ಯಜಮಾನರು ನನ್ನ ಮುಖ ನೋಡಿದವರೇ, “ನೀವು ಸ್ವಲ್ಪ ದಿನ ಒಳಗಡೆ ಇರಿ ಅಮ್ಮಾ, ಗಿರಾಕಿಗಳು ಗಾಬರಿ ಆಗ್ತಾರೆ,” ಎಂದು ಲೆನ್ಸ್ ಅರೆಯುವ ಯಂತ್ರದ ಮುಂದೆ ಕೂರಿಸಿದರು. ಕಿಟಕಿಯಿಲ್ಲದ ಕೋಣೆ. ಕೌಂಟರಿಗೆ ಅವರ ತಂಗಿಯ ಮಗಳು ಬಂದಳು. ಅವಳಿಗೆ ಕಡ್ಡಿ ಬಗ್ಗಿಸಲು ಬರುವುದಿಲ್ಲ, ಹಲ್ಲು ಮಾತ್ರ ಸಾಲಾಗಿವೆ. ನನ್ನ ಮುಖ ನೆಟ್ಟಗಾದರೆ ಮಾತ್ರ ನನ್ನ ಜಾಗ ನನಗೆ ಸಿಗುತ್ತಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವಳು ಹೇಳಿದಳು: “ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಹುಬ್ಬು ಎತ್ತಿ, ಕೆನ್ನೆ ಊದಿಸಿ, ಆಮೇಲೆ ನಗಿ. ಸುಮ್ನೆ ತುಟಿ ಎಳೀಬೇಡಿ. ನಿನ್ನೆ ಆಗಿದ್ದು ಒಂದು ಒಳ್ಳೇದನ್ನ ಬಾಯಿಬಿಟ್ಟು ಹೇಳಿ ನಗಿ. ಮನಸ್ಸೂ ಹಗುರ ಆಗುತ್ತೆ.”

ನನ್ನ ಮೈ ಉರಿದುಹೋಯಿತು. ಮುಖ ಹೋಗಿದೆ, ಕೌಂಟರ್ ಹೋಗಿದೆ, ಕುಡಿದ ನೀರು ಹೊಟ್ಟೆಗೆ ಹೋಗುತ್ತಿಲ್ಲ, ಒಳ್ಳೆಯದನ್ನು ಎಲ್ಲಿಂದ ತರಲಿ? ಆದರೂ ಕನ್ನಡಿಯ ಮುಂದೆ ಕೂತೆ. ಎರಡೇ ದಿನಕ್ಕೆ ಅದರ ಮೇಲೆ ಟವೆಲ್ ಹೊದಿಸಿಬಿಟ್ಟೆ. ಗಂಡನನ್ನು ಎದುರಿಗೆ ಕೂರಿಸಿಕೊಂಡರೆ ಅವರಿಗೇ ನಗು ತಡೆಯಲಾಗಲಿಲ್ಲ. ಬಸ್ ಡಿಪೋಗೆ ಹೊರಡುತ್ತಾ ಒಂದು ಸಲಹೆ ಕೊಟ್ಟರು: “ಅಮ್ಮನ್ನ ಕೂರಿಸ್ಕೋ. ಹೇಗೂ ನಿನ್ನ ಮುಖದಲ್ಲಿ ತಪ್ಪು ಹುಡುಕೋದು ಅವಳಿಗೆ ಅಭ್ಯಾಸ.”

ನನಗೂ ಅತ್ತೆಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ನಾವು ಮಾತನ್ನೇ ಅಳೆದು ಸುರಿಯುತ್ತಿದ್ದೆವು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ನೋಡಿ ನಕ್ಕದ್ದು ನೆನಪಿಲ್ಲ. ನಾನೂ ನಕ್ಕವಳಲ್ಲ. ಅಂಥವರು ಅಡುಗೆಮನೆಯ ಮೇಜಿಗೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ಹುಬ್ಬು ಎತ್ತು. ಅಯ್ಯೋ, ಎರಡೂ ಎತ್ತು ಮಾರಾಯ್ತಿ.”

“ಎತ್ತಕ್ಕೆ ಬಂದಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?”

“ಸರಿ, ಕೆನ್ನೆ ಊದಿಸು. ನೋಡು, ಹೀಗೆ.”

ಅವರು ಊದಿಸಿ ತೋರಿಸಿದರು. ನಾನು ಊದಿಸಿದರೆ ಗಾಳಿ ಪುಸ್ಸೆಂದಿತು. ಬೆಳಗಿನ ಕೆಲಸ ಬಿಟ್ಟು ಇಬ್ಬರು ಹೆಂಗಸರು ಹೀಗೆ ಕೂತಿದ್ದನ್ನು ಯಾರಾದರೂ ನೋಡಿದ್ದರೆ ನಮ್ಮಿಬ್ಬರನ್ನೂ ಬೇರೆ ಆಸ್ಪತ್ರೆಗೆ ಸೇರಿಸುತ್ತಿದ್ದರು.

“ಈಗ ಒಳ್ಳೇದು ಹೇಳು,” ಎಂದರು.

“ಏನೂ ಇಲ್ಲ.”

“ನಾನೇ ಹೇಳ್ತೀನಿ. ನಿನ್ನೆ ಅಡುಗೆಗೆ ಉಪ್ಪು ಸರಿಯಾಗಿತ್ತು. ಅಪರೂಪಕ್ಕೆ. ಈಗ ನಗು.”

ನಕ್ಕೆ. ಅತ್ತೆ ತಲೆ ವಾಲಿಸಿ ಪರೀಕ್ಷಿಸಿ, “ಎಡಗಡೆ ಇನ್ನೂ ಸ್ವಲ್ಪ,” ಎಂದರು. ಇದೇ ಮಾತನ್ನು ದಿನಾ ಕೇಳಬೇಕಾಯಿತು. ಒಂದೊಂದು ದಿನ ಮೇಜನ್ನೇ ಎತ್ತಿ ಹಾಕೋಣ ಅನ್ನಿಸುತ್ತಿತ್ತು. ನನ್ನ ಎಡಗೆನ್ನೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಅತ್ತೆಯೂ ಅಷ್ಟೇ, ಕುರ್ಚಿ ಬಿಟ್ಟು ಏಳಲಿಲ್ಲ. ನೆಂಟರು ಬಂದಾಗ ಮಾತ್ರ ಹಾಕಿಕೊಳ್ಳುತ್ತಿದ್ದ ಹಲ್ಲಿನ ಸೆಟ್ಟನ್ನು ಅವರು ಈಗ ಬೆಳಿಗ್ಗೆಯೇ ಹಾಕಿಕೊಂಡು ಬರತೊಡಗಿದ್ದರು.

ಅವರ ಬಾಯಿಂದ ಆ ಉಪ್ಪಿನ ಸರ್ಟಿಫಿಕೇಟನ್ನು ದಿನಾ ಇಸಿದುಕೊಳ್ಳುವುದು ನನಗೆ ಅವಮಾನ ಅನ್ನಿಸಿತು. ಅದಕ್ಕೇ ಅಂಗಡಿಯಲ್ಲಿ ಕಣ್ಣು ಕಿವಿ ತೆರೆದುಕೊಂಡು ಕೂರತೊಡಗಿದೆ. ಬೆಳಿಗ್ಗೆ ಎದ್ದರೆ ಈ ಮುದುಕಿಗೆ ಏನಾದರೂ ಹೇಳಬೇಕಲ್ಲ! ನನಗೆ ಒಳ್ಳೆಯ ಬುದ್ಧಿಯೇನೂ ಬಂದಿರಲಿಲ್ಲ, ಶುದ್ಧ ಹಟ. ದಪ್ಪ ಲೆನ್ಸೊಂದು ಅಂಚು ಒಡೆಯದೆ ಯಂತ್ರದಿಂದ ಹೊರಬಂದರೆ, ಇದು ನಾಳೆಗಾಯಿತು ಎಂದುಕೊಳ್ಳುವೆ. ಕೈಜಾರಿದ ಎಳ್ಳಿನಷ್ಟು ಸ್ಕ್ರೂ ಮೊದಲ ತಡಕಾಟಕ್ಕೇ ಸಿಕ್ಕರೆ ಅದೂ ನಾಳೆಗೆ. ಹೀಗೆ ಕೂಡಿಡುತ್ತಾ ಆ ಕತ್ತಲು ಕೋಣೆಯಲ್ಲಿ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಅದು ಗೊತ್ತಾದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ವ್ಯಾಯಾಮದವಳ ಮಾತು ನಿಜವಾಗುವುದು ನನಗೆ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಹೇಳಿದೆ: “ನಿನ್ನೆ ಒಬ್ರು ಹೆಂಗಸು ಹೊಸ ಕನ್ನಡಕ ಹಾಕ್ಕೊಂಡು ಪಕ್ಕಕ್ಕೆ ತಿರುಗಿ ಗಂಡನ್ನ ನೋಡಿದ್ರಂತೆ. ‘ಅಯ್ಯೋ, ನಿಮಗೆ ಇಷ್ಟೊಂದು ವಯಸ್ಸಾಗಿದೆಯಾ!’ ಅಂತ ಕೂಗಿದ್ದು ನನಗೆ ಒಳಗಡೆ ಕೇಳಿಸ್ತು.”

ಅತ್ತೆ ನಕ್ಕ ನಗುವಿಗೆ ಹಲ್ಲಿನ ಸೆಟ್ಟು ಜಾರಿತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನಷ್ಟು ನಕ್ಕರು. ನಾನೂ ನಕ್ಕೆ. ಅವರು ಥಟ್ಟನೆ ನಗು ನಿಲ್ಲಿಸಿ ನನ್ನ ಗಲ್ಲ ಹಿಡಿದು, “ಹಂದಾಡ್ತು ಕಣೇ! ಎಡಗಡೆ ಹಂದಾಡ್ತು!” ಎಂದರು. ಕನ್ನಡಿಯ ಮೇಲಿನ ಟವೆಲ್ ಕಿತ್ತೆಸೆದು ನೋಡಿದೆ. ನಿಜ, ತುಟಿಯ ತುದಿ ಒಂದಿಷ್ಟು ಮೇಲೇಳುತ್ತಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ದಿನೇ ದಿನೇ ಕೆನ್ನೆ ಏರಿತು. ನೋಡಿದವರು ಹೆದರದಷ್ಟು ಸರಿಹೋದ ಮೇಲೆ, ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ಯಜಮಾನರ ಮುಂದೆ ನಿಂತು ನಕ್ಕೆ.

“ಎಷ್ಟು ಚೆನ್ನಾಗಿ ವಾಸಿಯಾಗಿದೆ! ತುಂಬಾ ಸಂತೋಷ,” ಎಂದರು.

“ಹಾಗಾದ್ರೆ ಇವತ್ತಿಂದ ಕೌಂಟರಿಗೆ...”

“ಅದೇನಾಗಿದೆ ಅಂದ್ರೆ,” ಎಂದು ಅವರು ಕತ್ತು ಉಜ್ಜಿಕೊಂಡರು, “ಹುಡುಗಿ ಈಗ ಅಲ್ಲಿ ಹೊಂದಿಕೊಂಡಿದ್ದಾಳೆ. ಒಳಗಡೆ ನಿಮ್ಮಷ್ಟು ನೀಟಾಗಿ ಲೆನ್ಸ್ ಮಾಡೋರು ನನಗೆ ಬೇರೆ ಯಾರು ಸಿಗ್ತಾರೆ? ನೀವು ಅಲ್ಲೇ ಇರಿ.”

ಒಳಗೆ ಹೋಗಿ ಯಂತ್ರದ ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಹುಡುಗಿ ಪರದೆ ಸರಿಸಿ, “ಆಂಟೀ, ಈ ಕಡ್ಡಿ ಸ್ವಲ್ಪ ಬಗ್ಗಿಸಿ ಕೊಡ್ತೀರಾ? ಗಿರಾಕಿ ಕಾಯ್ತಿದ್ದಾರೆ,” ಎಂದು ಫ್ರೇಮ್ ಚಾಚಿದಳು. ಬಗ್ಗಿಸಿ ಕೊಟ್ಟೆ. ಇನ್ನೇನು ಮಾಡಲಿ, ಗಿರಾಕಿಯ ಕಿವಿ ಯಾವ ತಪ್ಪು ಮಾಡಿತ್ತು? ಅವತ್ತಿಡೀ ಆ ಯಂತ್ರದ ಮುಂದೆ ಹಲ್ಲು ಕಚ್ಚಿಕೊಂಡು ಕೂತೆ. ಮನೆಗೆ ಬಂದವಳೇ ಮಲಗಿಬಿಟ್ಟೆ.

ಮರುದಿನ ಬೆಳಿಗ್ಗೆ ಕುರ್ಚಿಗೆ ಹೋಗಲಿಲ್ಲ. ಒಲೆಯ ಕಡೆ ತಿರುಗಿ ನಿಂತೆ.

“ಬಾರೇ, ಹೊತ್ತಾಯ್ತು,” ಎಂದರು ಅತ್ತೆ.

“ಇನ್ನು ಬೇಡ ಬಿಡಿ. ಕೌಂಟರ್ ಕೊಡಲ್ಲ ಅಂದ್ರು.”

ಅತ್ತೆ ಯಜಮಾನರ ಮೂರು ತಲೆಮಾರಿಗೂ ಸಾಕಾಗುವಷ್ಟು ಬೈದರು. ಅವರಿಗೆ ಅಷ್ಟು ಬೈಗುಳ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೈದು ಮುಗಿಸಿ ನನ್ನ ಕುರ್ಚಿಯನ್ನು ಕಾಲಿನಿಂದ ಈಚೆಗೆ ನೂಕಿದರು.

“ಬೈದಾಯ್ತು. ಈಗ ಬಾ, ಕೂತ್ಕೋ.”

“ಯಾಕೆ ಅತ್ತೆ? ಇನ್ಯಾರಿಗೆ ನಗಬೇಕು ನಾನು?”

“ನಂಗೆ,” ಎಂದರು.

ಒಲೆ ಆರಿಸಿ ಹೋಗಿ ಕೂತೆ. ಹುಬ್ಬು ಎತ್ತಲು ನೋಡಿದೆ, ಆಗಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

“ಏನೂ ಇಲ್ಲ. ಎಡಗಣ್ಣು ಹಾಗೇ, ತಾನಾಗೇ ಸುರಿಯುತ್ತೆ. ಕಾಯಿಲೆದು,” ಎಂದೆ.

ಅತ್ತೆ ಮೇಜಿನ ಮೇಲೆ ಬಾಗಿ ನನ್ನ ಮುಖವನ್ನು ಹತ್ತಿರದಿಂದ ನೋಡಿದರು.

“ಮತ್ತೆ ಬಲಗಣ್ಣಿಗೇನೇ ಕಾಯಿಲೆ?”