ಕಿತ್ತು ಹಾಕಿದ ಕಳೆ

"ಕಿತ್ತಿದ್ದೆಲ್ಲ ಎಲ್ಲಿ ಹಾಕ್ದೆ?"

ಅತ್ತೆ ಕೇಳಿದಾಗ ಸೊಸೆ ಬಾಗಿಲಲ್ಲಿ ನಿಂತು ಬೂಟಿನ ಕೆಸರು ಕೆರೆಯುತ್ತಿದ್ದಳು. ಪಾಪ, ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಲ್ಲಿದ್ದಳು. ಮೊಣಕಾಲಿನ ಆಪರೇಷನ್‌ಗೆಂದು ಅತ್ತೆ ಆಸ್ಪತ್ರೆಯಲ್ಲಿದ್ದ ನಾಲ್ಕು ದಿನವೂ ಅವಳು ಸೊಂಟ ಮುರಿದುಕೊಂಡು, ಹುಲ್ಲುಗಾವಲಿನಲ್ಲಿದ್ದ, ದನಕ್ಕಾಗದ ಹಳದಿ ಹೂವಿನ ಕಳೆಯನ್ನೆಲ್ಲ ಬುಡಸಮೇತ ಕಿತ್ತಿದ್ದಳು.

"ಅಲ್ಲೇ ಬೇಲಿ ಹತ್ರ ಗುಡ್ಡೆ ಹಾಕಿದೀನಿ ಅತ್ತೆ. ಒಣಗಿದ್ಮೇಲೆ ಸುಟ್ರಾಯ್ತು."

ಅತ್ತೆ ಕುಡಿಯುತ್ತಿದ್ದ ಲೋಟ ಕೆಳಗಿಟ್ಟರು. "ಹಸುಗಳು?"

"ನಿನ್ನೆಯಿಂದ ಅಲ್ಲೇ ಬಿಟ್ಟಿದೀನಿ. ಇನ್ನೇನು ಭಯ, ಎಲ್ಲ ಕಿತ್ತಾಯ್ತಲ್ಲ."

"ಅಯ್ಯೋ ಹುಚ್ಚಿ. ನೆಲದಲ್ಲಿ ನಿಂತಿರೋವಾಗ ಅದು ಕಹಿ ಕಣೆ, ಹಸು ಮೂಸಿ ಮುಂದೆ ಹೋಗುತ್ತೆ. ಕಿತ್ತು ಬಾಡಿದ್ಮೇಲೆ ಕಹಿ ಹೋಗುತ್ತೆ, ವಿಷ ಹೋಗಲ್ಲ."

ಮೂವತ್ತು ವರ್ಷ ಅತ್ತೆ ತಾವೇ ಕಿತ್ತು, ಕಿತ್ತಿದ್ದನ್ನು ಅವತ್ತೇ ತಳ್ಳುಗಾಡಿಯಲ್ಲಿ ಹೊರಗೆ ಸಾಗಿಸಿದ್ದರು. ಅವತ್ತೇ ಸಾಗಿಸುವುದು ಯಾಕೆಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಸೊಸೆ ಓಡಿದಳು. ಆರು ಗುಡ್ಡೆಗಳಲ್ಲಿ ಎರಡು ಬರೀ ಬೇರು, ಮಣ್ಣು. ಮೂರು ಹಸುಗಳು ದೂರದಲ್ಲಿ ಹುಲ್ಲು ಮೇಯುತ್ತಿದ್ದವು. ಮೂರನೇ ಗುಡ್ಡೆಗೆ ಬಾಯಿ ಹಾಕಿ ನಿಂತಿದ್ದದ್ದು ಚುಕ್ಕಿ. ತಾಯಿ ಸತ್ತ ಕರುವನ್ನು ಇವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಈಗ ಅದು ಚೊಚ್ಚಲ ಗಬ್ಬದ ಕಡಸು, ಇನ್ನೆರಡು ತಿಂಗಳಿಗೆ ಕರು ಹಾಕಬೇಕು. ಇವಳನ್ನು ಕಂಡು ಚುಕ್ಕಿ ತಲೆಯೆತ್ತಿತು. ತುಟಿಯಂಚಿನಲ್ಲಿ ಬಾಡಿದ ಹಳದಿ ಹೂವಿತ್ತು.

ಸಂಜೆ ಬಂದ ದನದ ಡಾಕ್ಟರು ಚುಕ್ಕಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿದರು.

"ಇವತ್ತೇನೂ ಕಾಣಲ್ಲಮ್ಮ. ಇದು ಲಿವರನ್ನ ನಿಧಾನಕ್ಕೆ ತಿನ್ನುತ್ತೆ. ಒಂದು ತಿಂಗಳು, ಮೂರು ತಿಂಗಳು. ಅದೃಷ್ಟ ಇದ್ರೆ ಏನೂ ಆಗದೇ ಇರಬಹುದು."

"ಔಷಧಿ?"

"ಇದಕ್ಕಿಲ್ಲ. ಕಾಯೋದು."

ಅವರು ಹೋದ ಮೇಲೆ ಸೊಸೆ ಕೊಟ್ಟಿಗೆಯ ಕಂಬಕ್ಕೊರಗಿ ಅತ್ತಳು. ಅತ್ತೆ ಕೋಲೂರಿಕೊಂಡು ಬಂದು ಪಕ್ಕದಲ್ಲಿ ನಿಂತರು.

"ಬೈದುಬಿಡಿ ಅತ್ತೆ."

"ಬೈದ್ರೆ ಅದರ ಹೊಟ್ಟೆಗೆ ಹೋಗಿದ್ದು ಆಚೆ ಬರುತ್ತಾ? ಹೇಳದೇ ಹೋದೋಳು ನಾನು. ನನ್ನನ್ನ ಯಾರು ಬೈತಾರೆ?"

ಬೆಳಗ್ಗೆ ಚುಕ್ಕಿ ಗೋದಲೆಯ ಹುಲ್ಲನ್ನು ಒಂದು ಕಡ್ಡಿ ಬಿಡದೆ ತಿಂದು, ಇನ್ನಷ್ಟು ಬೇಕೆಂದು ಕತ್ತು ಚಾಚಿತು. ಹಸಿವು ಚೆನ್ನಾಗಿದೆ ಎಂದು ಸೊಸೆಗೆ ಒಂದು ಗಳಿಗೆ ಸಮಾಧಾನವಾಯಿತು. ಮೈ ಸವರುತ್ತ ಅದರ ಬಲಪಕ್ಕೆಯ ಕೆಳಗೆ ಅಂಗೈ ಇಟ್ಟಳು. ಒಳಗಿನ ಕರು ಒದೆಯಿತು. ತಾಯಿ ತಿಂದದ್ದು ಅದಕ್ಕೂ ಹೋಗಿರುತ್ತದಲ್ಲ.

ಅವಳು ಸರಕ್ಕನೆ ಕೈ ತೆಗೆದಳು.