ನಿಲ್ಲಿಸಬಾರದ ಪದ್ಯ

ನನ್ನ ಗಂಡ ಚಹಾ ತರಲು ಹೊರಟಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಲ್ಲಿ ಡೇರೆಯಿಂದ ಊಟದ ಮನೆಗೆ ಹೋಗಬೇಕಾದರೂ ಕಾವಲುಗಾರ ಜೊತೆಗಿರಬೇಕು. ಬೇಲಿಯಿಲ್ಲದ ಜಾಗ, ಸೆರೆಂಗೆಟಿಯ ಪ್ರಾಣಿಗಳು ಡೇರೆಗಳ ನಡುವೆಯೇ ಓಡಾಡುತ್ತವೆ. ಇವರು ಹಟ್ಟಿಯ ಚಿನ್ನದ ಗಣಿ ಬಿಟ್ಟು ಟಾಂಜಾನಿಯಾದ ಗಣಿಗೆ ಸೇರಿದ್ದರು. ನನ್ನನ್ನೂ ಅತ್ತೆಯನ್ನೂ ಕರೆಸಿಕೊಂಡು, ರಜೆಯಲ್ಲಿ ಕಾಡು ತೋರಿಸಲು ಕರೆತಂದಿದ್ದರು.

"ನಾ ಬರೂತನಕ ಅವ್ವನ್ನ ಹೊರಗ ಬಿಡಬ್ಯಾಡ. ನಿನ್ನ ಕೈಯಾಗ ಬಿಟ್ಟು ಹೊಂಟೀನಿ, ನೋಡು."

"ನಾ ಏನು ಆಕಳ ಕರಾ ಏನಲೇ ಚನ್ನು, ಕಟ್ಟಿ ಹಾಕಾಕ?" ಎಂದರು ಅತ್ತೆ ಸಂಗಮ್ಮ, ಮಲಗಿದ್ದಲ್ಲಿಂದಲೇ.

ನಾನು ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಡೇರೆಯ ಬಾಗಿಲ ಜಿಪ್ ಸರಿದ ಸದ್ದಾಯಿತು. ತಿರುಗಿದರೆ ಅತ್ತೆಯ ಹಾಸಿಗೆ ಖಾಲಿ. ಡೇರೆಯ ಜಾಲರಿಯಾಚೆ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ನೀರು ಚಿಮುಕಿಸಿ, ಸಿಂಧನೂರಿನಿಂದ ತಂದ ಪುಡಿಯಲ್ಲಿ ರಂಗೋಲಿ ಹಾಕುತ್ತಿದ್ದರು.

"ಅತ್ತಿ, ಒಳಗ ಬರ್ರೀ. ಅವರು ಬೈತಾರ."

"ಬೈಲಿ. ಬೋಳು ಬಾಗಲದಾಗ ಕುಂತು ಚಹಾ ಕುಡೀತಾರೇನು? ಬಟ್ಟಿ ಮನಿ ಆದರೂ ಮನೀನ."

ನಗು ಬರುವಷ್ಟರಲ್ಲಿ ಅವರ ಬೆನ್ನ ಹಿಂದಿನ ಕಪ್ಪು ಪೊದೆ ಎದ್ದು ನಿಂತಿತು. ಪೊದೆಯಲ್ಲ, ಕೋಣ. ನಮ್ಮೂರ ಕಡೆ ಮುಕ್ಕುಂದದ ಕಾಲುವೆಯಲ್ಲಿ ಬಿದ್ದಿರುವ ಎಮ್ಮೆಗಳಂಥದ್ದಲ್ಲ. ಹಣೆಯ ಮೇಲೆ ಚಪ್ಪಡಿ ಹೊತ್ತಂತೆ ಕೊಂಬಿನ ಬುಡ. ಕಣ್ಣು ಅತ್ತೆಯ ಮೇಲೆ. ಒಂಟಿ ಕೋಣ ಸಿಂಹಕ್ಕಿಂತ ಕೆಟ್ಟದ್ದು, ಎದುರಾದರೆ ಕದಲಬೇಡಿ ಎಂದು ಕಾವಲುಗಾರ ಹಿಂದಿನ ದಿನವೇ ಹೇಳಿದ್ದ. ಅಪಾಯಕ್ಕೆ ಊದಲೆಂದು ಕೊಟ್ಟ ಸೀಟಿ ಡೇರೆಯ ಕಂಬಕ್ಕೆ ತೂಗುತ್ತಿತ್ತು. ಊದಿದರೆ ಕೋಣ ಬೆದರಿ ನುಗ್ಗುತ್ತದೆ. ಕೂಗಿದರೆ ಅತ್ತೆ ದಿಗ್ಗನೆ ಎದ್ದು ತಿರುಗುತ್ತಾರೆ.

ಏಳದ ಹಾಗೆ ಕೂರಿಸುವುದು ಹೇಗೆ? ಮಸ್ಕಿಯ ನಮ್ಮ ಮಠದಲ್ಲಿ ಶ್ರಾವಣವಿಡೀ ಪುರಾಣ ನಡೆಯುತ್ತದೆ. ಪದ್ಯ ಹಾಡುವಾಗ ನಡುವೆ ಎದ್ದರೆ ಪಾಪ ಎಂಬುದು ಅತ್ತೆಯ ನಂಬಿಕೆ. ಪಕ್ಕದಲ್ಲಿ ಚೇಳು ಹರಿದಾಗಲೂ ಅವರು ಕಾಲು ಸರಿಸಿರಲಿಲ್ಲ. ನನ್ನ ಬಾಯಿಂದ ಪುರಾಣದ ಧಾಟಿ ಮೆಲ್ಲಗೆ ಹೊರಟಿತು. ಮಾತು ಮಾತ್ರ ನನ್ನದು.

ಬೆನ್ನ ಹಿಂದಿಹುದವ್ವ ಕಾಡಕೋಣ,
ಮಣ್ಣ ನೋಡುತ ಕೂಡು, ಕದಲಬ್ಯಾಡ...

ಅತ್ತೆಯ ಕೈ ನಿಂತಿತು. ತಲೆ ಬಾಗಿತು. ಏಳಲಿಲ್ಲ.

ಆಗ ಹೊಸ ಭಯ ಎದೆಗೆ ಬಿತ್ತು. ಪದ್ಯ ಮುಗಿದ ಕೂಡಲೇ ಕೇಳುವವರು 'ಹರಹರ ಮಹಾದೇವ' ಎನ್ನಬೇಕು. ಮಠದಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅತ್ತೆಯದೇ. ರೂಢಿಬಿದ್ದ ಬಾಯಿ, ತಡೆದೀತೇ? ಹಾಗಾಗಿ ನಾನು ಮುಗಿಸುವಂತಿರಲಿಲ್ಲ. ಕೊನೆಯ ಸಾಲು ಬಂದಾಗಲೆಲ್ಲ ಅದರ ಬಾಲಕ್ಕೆ ಇನ್ನೊಂದು ಸಾಲು ಕಟ್ಟಿದೆ. ಕೋಣನನ್ನು ಹೊಗಳಿದೆ, ಹುಲ್ಲನ್ನು ಹೊಗಳಿದೆ, ಮಂಜನ್ನು ಹೊಗಳಿದೆ. ಮಾತು ಸಿಗದಾದಾಗ ಬರೀ ಶಿವ ಶಿವ ಎಂದು ಎಳೆದೆ. ಕೋಣ ಹೆಜ್ಜೆ ಮುಂದಿಟ್ಟು, ಮೂಗು ಚಾಚಿ, ಅತ್ತೆಯ ಸೆರಗನ್ನು ಮೂಸಿತು. ದನಿ ಸೀಳಿದರೂ ಹಾಡು ಬಿಡಲಿಲ್ಲ. ಶಿವನೇ, ತಂದೆ, ಇನ್ನಷ್ಟು ಉಸಿರು ಕೊಡು.

ಊಟದ ಮನೆಯ ಕಡೆಯಿಂದ ಜೀಪು ಗುರುಗುಟ್ಟಿತು. ಕೋಣ ತಲೆಯೆತ್ತಿ ನೆಲ ಕೆರೆಯಿತು. ಹಾಡಿದೆ. ಜೀಪು ಹತ್ತಿರವಾಯಿತು. ಕೋಣ ಭುಸ್ಸೆಂದು ಮಗ್ಗುಲಿಗೆ ಹೊರಳಿ ಹುಲ್ಲಿನೊಳಗೆ ನುಗ್ಗಿ ಮರೆಯಾಯಿತು.

ಇವರು ಜೀಪಿನಿಂದ ಜಿಗಿದು ಬಂದು ಅತ್ತೆಯನ್ನು ಎತ್ತಿಕೊಂಡೇ ಒಳಗೆ ತಂದರು. ನಾನು ಇನ್ನೂ ಹಾಡುತ್ತಲೇ ಇದ್ದೆ. ಇವರು ಭುಜ ಹಿಡಿದು ಅಲುಗಿಸಿದಾಗ ನಿಂತಿತು.

"ಬಿಡಬ್ಯಾಡ ಅಂತ ಹೇಳಿದ್ದಿಲ್ಲೇನು ನಿನಗ?"

"ಆಕೀಗೇನೂ ಅನಬ್ಯಾಡಲೇ. ಹೊರಗ ಹೋದಾಕಿ ನಾನು." ಅತ್ತೆಯ ಮುಷ್ಟಿಯಲ್ಲಿ ಪುಡಿ ಬೆವರಿಗೆ ಮುದ್ದೆಯಾಗಿತ್ತು. ನನ್ನ ಕಡೆ ತಿರುಗಿದರು. "ಅದರ ಉಸುರು ಕುತ್ತಿಗೀಗೆ ಬಡ್ಯಾಕತ್ತಿತ್ತು ಬೇ. ಓಡು ಓಡು ಅಂತಿದ್ದವು ಕಾಲು. ನೀ ಪದ್ಯ ಎಲ್ಲಿ ನಿಲ್ಲಸ್ತೀಯೋ ಅಂತ, ಕೋಣಕ್ಕಿಂತ ಅದಕ್ಕ ಅಂಜಿದ್ದೆ."

ಅತ್ತೆ ನನ್ನ ಕೈ ಹಿಡಿದುಕೊಂಡರು. ಸಿಂಹ ತೋರಿಸುವ ಗಾಡಿ ಬಂದು, ಕಾದು, ಖಾಲಿ ಹೋಯಿತು. ಆಗಲೂ ಅವರು ಹಿಡಿತ ಸಡಿಲಿಸಲಿಲ್ಲ.